ಅಜ್ಜಿಯ ಮಾತೂ ದಾಖಲೆಯೇ

ಅರಣ್ಯ ಹಕ್ಕಿನ ಅರ್ಜಿ ತುಂಬಲು ನೆರವಾಗುವುದು ನನ್ನ ಕೆಲಸ. ಹೊಸದಾಗಿ ಪೋಡಿಗೆ, ಅಂದರೆ ಸೋಲಿಗರ ಕಾಡಿನ ಹಾಡಿಗೆ, ಬರುವ ಸ್ವಯಂಸೇವಾ ಸಂಸ್ಥೆಯವರ ಮೊದಲ ಪ್ರಶ್ನೆ, ‘ಇವರ ಬಳಿ ಕಾಗದ ಏನಿದೆ?’ ಕಾಡಿನಲ್ಲೇ ಹುಟ್ಟಿ ಬೆಳೆದವರ ಬಳಿ ಯಾವ ಕಾಗದ ಇದ್ದೀತು! 2006ರ ಅರಣ್ಯ ಹಕ್ಕು ಕಾಯ್ದೆಯ 13ನೇ ನಿಯಮ ಓದಿದವರು ಹೀಗೆ ಕೇಳುವುದಿಲ್ಲ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದು ಸಾಕ್ಷ್ಯ. ಬಾವಿ, ಸ್ಮಶಾನ, ದೇವರ ಮರವೂ ಸಾಕ್ಷ್ಯವೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಚೆನ್ನಾಗಿ ಬಳಸಿಕೊಂಡರು. 1974ರಲ್ಲಿ ಅಭಯಾರಣ್ಯವಾದ ಕಾಡು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಡುವೆ ಜೇನು, ನೆಲ್ಲಿಕಾಯಿ, ಪಾಚಿ ತರುವುದಕ್ಕೂ ನಿಷೇಧ ಬಿತ್ತು. ಸಂಶೋಧಕರು ಜಿಪಿಎಸ್ ಹಿಡಿದರು, ಹಿರಿಯರು ಮುಂದೆ ನಡೆದರು. ದೇವರು, ಮಾರಿ, ವೀರು, ಅಬ್ಬಿ, ಕಲ್ಲುಗುಡಿ ಎಂದು ಕುಲಗಳ ಪವಿತ್ರ ತಾಣಗಳೆಲ್ಲ ನಕ್ಷೆಗೆ ಬಂದವು. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ಇಲ್ಲಿ ಸಂಸ್ಥೆಯ ಪಾಲು ಎಷ್ಟು? ಲೇಖನಿಯಷ್ಟು. ಅದನ್ನು ಮೀರಿದಾಗ ನಾನೇ ಎಡವಿದ್ದೇನೆ. ಒಬ್ಬ ಅಜ್ಜಿಯ ಹೇಳಿಕೆ ಬರೆದು ಓದಿ ಹೇಳಿದೆ. ತಲೆ ಅಲ್ಲಾಡಿಸುತ್ತಿದ್ದವರು ತಟ್ಟನೆ ನಿಲ್ಲಿಸಿ, ‘ಒತ್ತುವರಿ ಅಂದರೇನು?’ ಎಂದರು. ಕಚೇರಿ ಕಡತಗಳ ಪದ ರೂಢಿಯಿಂದ ಕೈಗೆ ಬಂದುಬಿಟ್ಟಿತ್ತು. ಅರ್ಥ ಹೇಳಿದೆ. ‘ನಾವು ಯಾರದ್ದನ್ನು ಒತ್ತಿದೆವು?’ ಎಂದು ಕೇಳಿ ಎಲೆ ಅಡಿಕೆ ಚೀಲ ಬಿಚ್ಚಿದರು. ಆ ಹಾಳೆ ಹರಿದೆ. ಈಗ ಪೂರ್ತಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಪಡೆಯುವುದಿಲ್ಲ.

ಸಭೆಯ ಹೊತ್ತೂ ಮುಖ್ಯ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರೆಲ್ಲ ಕಾಫಿ ತೋಟದ ಕೂಲಿಯಲ್ಲಿರುತ್ತಾರೆ. ಕೋರಂ ಇಲ್ಲವೆಂದು ಬರೆದು ಜೀಪು ಹತ್ತುವವರನ್ನು ಕಂಡಿದ್ದೇನೆ. ಸಂಜೆ, ಒಲೆಯ ಕೆಲಸ ಮುಗಿದ ಮೇಲೆ ಕರೆದರೆ ಜಗಲಿ ತುಂಬುತ್ತದೆ.

ಅರ್ಜಿ ವಾಪಸು ಬರುವುದು ಮಾಮೂಲು. ಕಳೆದ ಬಾರಿ ‘ದಾಖಲೆ ಸಾಲದು’ ಎಂಬ ಎರಡೇ ಪದಗಳ ಷರಾ ಇತ್ತು. ಇಂಥದ್ದೇ ದಾಖಲೆ ಬೇಕೆಂದು ಪಟ್ಟು ಹಿಡಿಯುವಂತಿಲ್ಲ ಎಂದು ಈ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ. ಆ ಸಾಲನ್ನು ಹಾಗೇ ನಕಲು ಮಾಡಿ, ಗ್ರಾಮಸಭೆಯ ಠರಾವಿನೊಂದಿಗೆ ಮತ್ತೆ ಕಳುಹಿಸಿದೆವು. ಈ ಸಲ ಅಜ್ಜಿಯ ಹೇಳಿಕೆ ಮೊದಲ ಪುಟದಲ್ಲಿದೆ.