ಪದ ಪರಿಚಯ: ಪೋಸ್ಟ್‌ವೆನ್ಷನ್

ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡವರಿಗೆ ನೀಡುವ ವ್ಯವಸ್ಥಿತ ಆಸರೆಯನ್ನು ಪೋಸ್ಟ್‌ವೆನ್ಷನ್ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಬಳಕೆಗೆ ತಂದ ಪದವಿದು. ಇಂಥ ಸಾವಿನ ನಂತರ ಹತ್ತಿರದವರಲ್ಲೂ ಆತ್ಮಹತ್ಯೆಯ ಅಪಾಯ ಹೆಚ್ಚುವುದರಿಂದ, ಅವರ ಆರೈಕೆಯೂ ಆತ್ಮಹತ್ಯೆ ತಡೆಯುವ ಕೆಲಸದ ಭಾಗವೇ ಆಗಿದೆ.

ಬೆಂಗಳೂರಿನಲ್ಲಿ ಇಂಥ ಸಾವು ಸಂಭವಿಸಿದರೆ ಮನೆಯವರು ದುಃಖಕ್ಕಿಂತ ಮೊದಲು ಠಾಣೆಯನ್ನು ಎದುರಿಸುತ್ತಾರೆ. ಅಸ್ವಾಭಾವಿಕ ಮರಣ ಪ್ರಕರಣ, ಅಂದರೆ ಯುಡಿಆರ್, ದಾಖಲಾಗಿ, ಪಂಚನಾಮೆಯೂ ಮರಣೋತ್ತರ ಪರೀಕ್ಷೆಯೂ ಮುಗಿಯುವ ತನಕ ಶವಾಗಾರದ ಹೊರಗೆ ಕಾಯುವ ತಂದೆಗೆ ಕಣ್ಣೀರು ಹಾಕಲೂ ಬಿಡುವಿರುವುದಿಲ್ಲ. ಹೇಳಿಕೆ ಕೊಡಬೇಕು, ಸಹಿ ಹಾಕಬೇಕು. ಕಾನೂನಿಗೆ ಇದು ಅನಿವಾರ್ಯವಾದರೂ, ಆ ಹೊತ್ತಿನಲ್ಲಿ ಕಾಗದಪತ್ರ ನೋಡಿಕೊಳ್ಳಲು ಒಬ್ಬರು ಜೊತೆಗಿದ್ದರೆ ಅದೇ ಮೊದಲ ಪೋಸ್ಟ್‌ವೆನ್ಷನ್. ಮನೆಗೆ ಮರಳಿದರೆ ನೆಂಟರ ವಿಚಾರಣೆ ಶುರುವಾಗುತ್ತದೆ: "ಹಿಂದಿನ ದಿನ ಮನೆಯಲ್ಲಿ ಏನಾದ್ರೂ ಮಾತು ಬಂದಿತ್ತಾ?" ಇದಕ್ಕೆ ಹೆದರಿಯೇ ಎಷ್ಟೋ ಕುಟುಂಬಗಳು ಹಾರ್ಟ್ ಅಟ್ಯಾಕ್ ಎಂದು ಹೇಳಿಬಿಡುತ್ತವೆ. ಆ ಸುಳ್ಳನ್ನು ಹನ್ನೊಂದನೆಯ ದಿನದ ಕಾರ್ಯದವರೆಗೂ, ಆಮೇಲೆ ವರ್ಷಗಟ್ಟಲೆಯೂ ಕಾಪಾಡಬೇಕಾಗುತ್ತದೆ. ಮಕ್ಕಳಿಗೆ ನಿಜ ಗೊತ್ತಾಗುವುದು ಪಕ್ಕದ ಮನೆಯವರ ಬಾಯಿಂದ. ಬಹಿರಂಗವಾಗಿ ಅಳಲು ಸಮಾಜ ಅವಕಾಶ ಕೊಡದ ಇಂಥ ಶೋಕಕ್ಕೆ ಮಾನ್ಯತೆ ವಂಚಿತ ಶೋಕ ಎನ್ನಬಹುದು. 1989ರಲ್ಲಿ ಅಮೆರಿಕದ ಶೋಕ ತಜ್ಞ ಕೆನೆತ್ ಡೋಕ ಈ ಪರಿಕಲ್ಪನೆಯನ್ನು ವಿವರಿಸಿದರು.

ಉಳಿದವರನ್ನು ಬಿಡದೆ ಕಾಡುವ ಪ್ರಶ್ನೆ ಒಂದೇ: ಯಾಕೆ? ಕೊನೆಯ ಫೋನ್ ಕರೆ, ಎತ್ತದೆ ಬಿಟ್ಟ ಕರೆ, ಊಟದ ಹೊತ್ತಿಗೆ ಆಡಿದ ಒಂದು ಬಿರುಸಿನ ಮಾತು, ಎಲ್ಲವೂ ಸಾಕ್ಷಿಗಳಂತೆ ಎದುರು ನಿಲ್ಲುತ್ತವೆ. ಆತ್ಮಹತ್ಯೆಗೆ ಒಂದೇ ಕಾರಣವಿರುವುದು ವಿರಳ ಎಂದು ತಿಳಿದವರು ಹೇಳಿದರೂ ತಪ್ಪಿತಸ್ಥ ಭಾವ ತಕ್ಷಣ ಇಳಿಯುವುದಿಲ್ಲ. ಹೋದವರ ಮೇಲೆ ಸಿಟ್ಟು ಬರುತ್ತದೆ. ದೀರ್ಘಕಾಲ ಕಾಯಿಲೆಯಿಂದ ನರಳಿದವರ ವಿಷಯದಲ್ಲಿ ಒಂದಿಷ್ಟು ನಿರಾಳವೂ ಅನ್ನಿಸಬಹುದು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಇದೂ ಶೋಕದ್ದೇ ಮುಖ.

ನೆರವಾಗಬಯಸುವವರು ಹೇಗಾಯಿತೆಂದು ಕೆದಕದೆ, ತೀರಿಕೊಂಡವರ ಹೆಸರು ಹಿಡಿದು ಅವರ ಬದುಕಿನ ಬಗ್ಗೆ ಮಾತಾಡುವುದು ಒಳ್ಳೆಯದು. ಮಕ್ಕಳಿಗೆ ವಿವರಗಳಿಲ್ಲದೆ, ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ, ನಿಜವನ್ನೇ ಹೇಳಬೇಕು. ಅವರ ತಪ್ಪಿನಿಂದ ಹೀಗಾಗಲಿಲ್ಲ ಎಂಬುದನ್ನು ಮತ್ತೆ ಮತ್ತೆ ಹೇಳಬೇಕು. ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಹೋಗಿ ಕೂರುವವರ ಅಗತ್ಯ ಹೆಚ್ಚು. ಆರು ತಿಂಗಳು ಕಳೆದರೂ ದಿನನಿತ್ಯದ ಕೆಲಸ ಸಾಗದಷ್ಟು ದುಃಖ ಉಳಿದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.