ಆರನೇ ವಾರದಲ್ಲಿ ರಕ್ತ ಕಾಣಿಸಿದೆ, ಮಲಗಿದರೆ ನಿಲ್ಲುತ್ತಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮದುವೆಯಾಗಿ ಎರಡು ವರ್ಷ. ಈ ಸಲ ಮುಟ್ಟು ನಿಂತಿತ್ತು. ಮನೆಯಲ್ಲೇ ಕಿಟ್ ತಂದು ನೋಡಿದೆ, ಎರಡು ಗೆರೆ ಬಂತು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಈಗ ಆರೂವರೆ ವಾರ. ನಿನ್ನೆ ಬೆಳಿಗ್ಗೆಯಿಂದ ಕಂದು ಬಣ್ಣದ ರಕ್ತ ಸ್ವಲ್ಪ ಸ್ವಲ್ಪ ಕಾಣಿಸ್ತಿದೆ. ಕಿಬ್ಬೊಟ್ಟೆ ಎಳೆದ ಹಾಗಿದೆ. ಮೊನ್ನೆ ಸ್ಕೂಟರ್‌ನಲ್ಲಿ ತವರಿಗೆ ಹೋಗಿ ಬಂದಿದ್ದೆ, ಅದರಿಂದಲೇ ಹೀಗಾಯ್ತು ಅಂತ ಅತ್ತೆ ಹೇಳ್ತಾರೆ. ಮಂಚ ಬಿಟ್ಟು ಇಳೀಬೇಡ, ಮೂರು ತಿಂಗಳು ತುಂಬಲಿ, ಆಮೇಲೆ ಸ್ಕ್ಯಾನ್ ಅಂತಿದ್ದಾರೆ. ಮಲಗಿದರೆ ನಿಲ್ಲುತ್ತಾ? ಮಗು ಉಳಿಯುತ್ತಾ?

ಉತ್ತರ: ಮಲಗಬೇಡಿ. ಎದ್ದು ಹೋಗಿ ಒಂದು ಸ್ಕ್ಯಾನ್ ಮಾಡಿಸಿ. ಇವತ್ತಾದರೆ ಇವತ್ತು, ಇಲ್ಲಾಂದ್ರೆ ನಾಳೆ ಬೆಳಿಗ್ಗೆ. ಯಾಕೆ ಅನ್ನೋದನ್ನು ದಾರಿಯಲ್ಲಿ ಓದಿಕೊಳ್ಳಿ.

ಮೊದಲು ಸ್ವಲ್ಪ ಸಮಾಧಾನದ ಮಾತು. ಮೊದಲ ಮೂರು ತಿಂಗಳಲ್ಲಿ ರಕ್ತ ಕಾಣಿಸುವುದು ಅಪರೂಪವೇನಲ್ಲ. ಸುಮಾರು ನಾಲ್ವರು ಬಸುರಿಯರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಸಿರು ಮುಂದುವರಿಯುತ್ತದೆ. ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಕಂಡುಬಿಟ್ಟರಂತೂ, ರಕ್ತ ಸ್ವಲ್ಪವೇ ಇದ್ದರೆ, ಹತ್ತರಲ್ಲಿ ಒಂಬತ್ತರಷ್ಟು ಬಸಿರು ಉಳಿಯುತ್ತದೆ. ಕಂದು ಬಣ್ಣ ಅಂದರೆ ಹಳೆಯ ರಕ್ತ, ನಿಧಾನವಾಗಿ ಹೊರಬರುತ್ತಿದೆ ಅಂತ ಅರ್ಥ. ಕೆಲವು ಸಲ ಅದು ಗರ್ಭದಿಂದ ಬಂದಿರುವುದೇ ಇಲ್ಲ. ಗರ್ಭಕೋಶದ ಬಾಯಿ ಬಸಿರಿನಲ್ಲಿ ಮೆತ್ತಗಾಗಿ ಕೆಂಪಾಗಿರುತ್ತದೆ, ಗಂಡ ಹೆಂಡತಿ ಸೇರಿದ ಮೇಲೆ ಅಲ್ಲಿಂದಲೂ ಎರಡು ಹನಿ ಬರಬಹುದು. ಮಲಬದ್ಧತೆ ಇದ್ದು ಮೂಲವ್ಯಾಧಿಯ ರಕ್ತ ಬಿದ್ದಿದ್ದನ್ನು ನೋಡಿ ಗಾಬರಿಯಾಗಿ ಬಂದವರೂ ಇದ್ದಾರೆ.

ಹಾಗಾದರೆ ಸ್ಕ್ಯಾನಿಗೆ ಇಷ್ಟು ಅವಸರ ಯಾಕೆ? ನೀವು ಕೇಳಿದ್ದು “ಮಗು ಉಳಿಯುತ್ತಾ” ಅಂತ. ಡಾಕ್ಟರ ತಲೆಯಲ್ಲಿ ಮೊದಲು ಓಡುವ ಪ್ರಶ್ನೆ ಬೇರೆ. ಬಸಿರು ಎಲ್ಲಿದೆ? ಗರ್ಭಕೋಶದ ಒಳಗಿದೆಯಾ, ಹೊರಗಿದೆಯಾ? ಒಳಗಿದ್ದರೆ ನಮಗೆ ಟೈಮ್ ಇದೆ, ಕಾಯಬಹುದು. ಹೊರಗಿದ್ದರೆ ಆ ಪುರುಸೊತ್ತಿಲ್ಲ. ಆಗ ಯೋಚನೆ ಮಗುವಿನದ್ದಲ್ಲ, ನಿಮ್ಮ ಜೀವದ್ದು.

ನೂರು ಬಸಿರಿನಲ್ಲಿ ಒಂದೋ ಎರಡೋ ಗರ್ಭಕೋಶಕ್ಕೆ ಬರದೆ ದಾರಿಯಲ್ಲೇ ಕೂರುತ್ತವೆ. ಇಂಥವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು, ಅಂಡ ಗರ್ಭಕೋಶಕ್ಕೆ ಬರುವ ಗರ್ಭನಾಳದಲ್ಲೇ, ಅಂದರೆ ಟ್ಯೂಬಿನಲ್ಲೇ ಇರುತ್ತವೆ. ಆಸ್ಪತ್ರೆಯಲ್ಲಿ ಇದನ್ನು ಎಕ್ಟೋಪಿಕ್ ಅಂತಾರೆ, ಟ್ಯೂಬಲ್ ಪ್ರೆಗ್ನೆನ್ಸಿ ಅಂತಲೂ ಕೇಳಿರಬಹುದು. ಈ ನಾಳ ಸುಮಾರು 10 ಸೆಂಟಿಮೀಟರ್ ಉದ್ದ, ಒಳಗಿನ ದಾರಿ ಕೆಲವೆಡೆ ಒಂದೆರಡು ಮಿಲಿಮೀಟರ್ ಮಾತ್ರ. ಗರ್ಭಕೋಶದ ಹಾಗೆ ಹಿಗ್ಗುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ಆರರಿಂದ ಎಂಟು ವಾರದ ಹೊತ್ತಿಗೆ ತೊಂದರೆ ಶುರುವಾಗುತ್ತದೆ. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಹರಿಯುತ್ತದೆ. ಪ್ಯಾಡ್ ಮೇಲೆ ನಾಲ್ಕು ಹನಿ, ಒಳಗೆ ಒಂದು ಲೀಟರ್. ಹೊರಗೆ ಸ್ವಲ್ಪವೇ ಕಾಣಿಸುತ್ತಿದೆ ಅಂತ ಧೈರ್ಯದಿಂದ ಇರುವ ಹಾಗಿಲ್ಲ ಅನ್ನುವುದು ಇದಕ್ಕೇ.

ಇದು ಮೋಸ ಮಾಡುವ ರೀತಿಯೂ ವಿಚಿತ್ರ. ಒಂದು ಕಡೆ ಹೊಟ್ಟೆ ನೋವು, ತಲೆ ಸುತ್ತು, ಮೋಷನ್ ಬಂದ ಹಾಗೆ ಒತ್ತಡ, ಕೆಲವರಿಗೆ ವಾಂತಿ. ನಮ್ಮಲ್ಲಿ ಹೊಟ್ಟೆಯಲ್ಲಿ ಏನಾದರೂ ಅದಕ್ಕೊಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ, ಒಂದು ಲೋಟ ಜೀರಿಗೆ ನೀರು, ಮಲಗು ಅಂತ ಬುದ್ಧಿಮಾತು. ಇನ್ನೊಂದು ಗುರುತು ಭುಜದ ತುದಿಯ ನೋವು. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ ಅನ್ನಿಸುತ್ತೆ ಅಲ್ವಾ? ಹೊಟ್ಟೆಯಲ್ಲಿ ತುಂಬಿದ ರಕ್ತ ಮೇಲಕ್ಕೆ ಹೋಗಿ, ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಪೊರೆಯನ್ನು ಕೆರಳಿಸುತ್ತದೆ. ಆ ಪೊರೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಜಾಗದಿಂದ ಹೊರಡುತ್ತವೆ. ಹಾಗಾಗಿ ಮೆದುಳಿಗೆ ಭುಜ ನೋಯುತ್ತಿದೆ ಅನ್ನಿಸುತ್ತದೆ. ಮುಟ್ಟು ನಿಂತ ಹೆಂಗಸು ಭುಜ ನೋವು ಅಂದರೆ ಮುಲಾಮು ತಿಕ್ಕಬೇಡಿ, 108ಕ್ಕೆ ಫೋನ್ ಮಾಡಿ.

ಹಿಂದೆ ನಾಳದಲ್ಲಿ ಸೋಂಕಾಗಿದ್ದವರಿಗೆ, ಒಮ್ಮೆ ಹೀಗೇ ಆಗಿದ್ದವರಿಗೆ, ನಾಳದ ಸರ್ಜರಿ ಆದವರಿಗೆ ಇದರ ಸಾಧ್ಯತೆ ಜಾಸ್ತಿ. ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡವರು “ನನಗೆ ಆಪರೇಷನ್ ಆಗಿದೆಯಲ್ಲ, ಬಸಿರು ಹೇಗೆ?” ಅಂತ ನಕ್ಕುಬಿಡುತ್ತಾರೆ. ಆಪರೇಷನ್ ತಪ್ಪಿ ಬಸಿರು ನಿಲ್ಲುವುದು ತೀರಾ ಕಡಿಮೆ, ನಿಜ. ಆದರೆ ನಿಂತರೆ ಅದು ಟ್ಯೂಬಿನಲ್ಲಿರುವ ಸಾಧ್ಯತೆ ಹೆಚ್ಚು. ಹಾಗಂತ ಈ ಯಾವುದೂ ನನಗಿಲ್ಲ ಅಂತ ಬೀಗುವಂತೆಯೂ ಇಲ್ಲ. ಎಕ್ಟೋಪಿಕ್ ಆದ ಅರ್ಧದಷ್ಟು ಹೆಂಗಸರಿಗೆ ಇಂಥ ಯಾವ ಹಿನ್ನೆಲೆಯೂ ಇರುವುದಿಲ್ಲ. ಇನ್ನೊಂದು ಮಾತು, ನಿಮಗೆ ಸಂಬಂಧಿಸಿದ್ದಲ್ಲ, ಓದುವ ಬೇರೆಯವರಿಗೆ. ಬಸಿರು ಬೇಡ ಅಂತ ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ಟ್ಯೂಬಿನಲ್ಲಿರುವುದಕ್ಕೆ ಅದು ಏನೂ ಮಾಡುವುದಿಲ್ಲ. ಮಾತ್ರೆಯಿಂದ ರಕ್ತ ಹೋಗುತ್ತದೆ, ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ, ಅದು ಒಳಗೆ ಬೆಳೆಯುತ್ತಲೇ ಇರುತ್ತದೆ.

ಟ್ಯೂಬ್ ಒಡೆಯುವ ಮೊದಲೇ ಗೊತ್ತಾದರೆ ಕೆಲವರಿಗೆ ಮೆಥೋಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ. ಒಡೆದ ಮೇಲೆ ಆಪರೇಷನ್ನೇ ಗತಿ.

ಈಗ ಸ್ಕ್ಯಾನ್. ಇಷ್ಟು ಬೇಗ ಹೊಟ್ಟೆಯ ಮೇಲಿಂದ ಸರಿಯಾಗಿ ಕಾಣುವುದಿಲ್ಲ, ಯೋನಿಯ ಮೂಲಕ ಒಳಗಿನ ಸ್ಕ್ಯಾನ್ ಮಾಡುತ್ತಾರೆ. ಮುಜುಗರ ಆಗುತ್ತದೆ, ಆದರೆ ಮಗುವಿಗೆ ಏನೂ ಆಗುವುದಿಲ್ಲ, ರಕ್ತ ಹೋಗುತ್ತಿರುವಾಗಲೂ ಮಾಡಬಹುದು. ಬೂದುಬಣ್ಣದ ಪರದೆಯಲ್ಲಿ ಒಂದು ಕಪ್ಪು ಗುಂಡಿ ಕಾಣುತ್ತದೆ, ಅದು ಗರ್ಭಚೀಲ. ಅದರೊಳಗೆ ಬಿಳಿ ಅಂಚಿನ ಪುಟ್ಟ ಉಂಗುರ. ಉಂಗುರದ ಪಕ್ಕದಲ್ಲಿ ಒಂದು ಅಕ್ಕಿಕಾಳು. ಆರೂವರೆ ವಾರಕ್ಕೆ ನಿಮ್ಮ ಮಗು ಇರಬೇಕಾದ್ದು ಅಷ್ಟೇ ಉದ್ದ, ಆರೇಳು ಮಿಲಿಮೀಟರ್. ಆ ಕಾಳಿನ ನಡುವೆ ಏನೋ ಮಿಣಮಿಣ ಅಂದರೆ ಅದೇ ಎದೆಬಡಿತ.

ಕಾಣದಿದ್ದರೆ? ಇಲ್ಲೇ ತುಂಬ ಜನ ಅತ್ತುಕೊಂಡು ಮನೆಗೆ ಹೋಗುವುದು. ಬೇಡ. ಆರೂವರೆ ವಾರ ಅನ್ನುವುದು ಕ್ಯಾಲೆಂಡರಿನ ಲೆಕ್ಕ, 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹೊಂದುವ ಲೆಕ್ಕ. ಪಿಸಿಒಡಿ ಇದ್ದು 40 ದಿನಕ್ಕೋ 45 ದಿನಕ್ಕೋ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದೇ ತಡ. ಅವರ ಆರೂವರೆ ವಾರ ನಿಜದಲ್ಲಿ ನಾಲ್ಕೂವರೆಯೋ ಐದೋ ಆಗಿರಬಹುದು. ಅಷ್ಟು ಸಣ್ಣ ಬಸಿರಿನಲ್ಲಿ ಬಡಿತ ಹುಡುಕಿದರೆ ಸಿಗುವುದಾದರೂ ಹೇಗೆ? ಅದಕ್ಕೇ ಡಾಕ್ಟರು ಅಳತೆ ನೋಡುತ್ತಾರೆ. ಕಾಳು 7 ಮಿಲಿಮೀಟರ್ ಆಗಿಯೂ ಬಡಿತ ಇಲ್ಲದಿದ್ದರೆ, ಅಥವಾ ಚೀಲ 25 ಮಿಲಿಮೀಟರ್ ಬೆಳೆದೂ ಒಳಗೆ ಕಾಳೇ ಇಲ್ಲದಿದ್ದರೆ, ಆಗ ಬಸಿರು ನಿಂತುಹೋಗಿದೆ ಅನ್ನಬಹುದು. ಮೊದಲು ಈ ಗಡಿ ಇನ್ನೂ ಕೆಳಗಿತ್ತು. ಜೀವಂತ ಬಸಿರನ್ನೂ ತಪ್ಪಾಗಿ ಹೋಯಿತು ಅಂದುಬಿಡುವ ಅಪಾಯ ಇದೆ ಅಂತ ಗೊತ್ತಾಗಿ 2011ರ ಸುಮಾರಿಗೆ ಮೇಲಕ್ಕೆ ಏರಿಸಿದರು. ನಿಮ್ಮ ಅಳತೆ ಗಡಿಯೊಳಗಿದ್ದರೆ ಒಂದು ವಾರ, ಹತ್ತು ದಿನ ಬಿಟ್ಟು ಬನ್ನಿ ಅಂತಾರೆ. ಕಾಯುವುದು ಹಿಂಸೆ, ಗೊತ್ತು. ಮೊದಲ ಸ್ಕ್ಯಾನ್ ನೋಡಿದ ಕೂಡಲೇ ಯಾರಾದರೂ “ಕ್ಲೀನ್ ಮಾಡಿಬಿಡೋಣ” ಅಂದರೆ ಅಳತೆ ಎಷ್ಟು ಬಂತು ಅಂತ ಕೇಳಿ. ಇನ್ನೊಂದು ಕಡೆ ತೋರಿಸುವ ಹಕ್ಕು ನಿಮಗಿದೆ.

ಗರ್ಭಕೋಶದಲ್ಲೂ ಏನೂ ಇಲ್ಲ, ಟ್ಯೂಬಿನಲ್ಲೂ ಏನೂ ಇಲ್ಲ ಅಂದರೆ ಬಸಿರಿನ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ಅನ್ನುವ ರಕ್ತಪರೀಕ್ಷೆ. ಒಂದು ಸಲದ ಅಂಕಿಯಿಂದ ಏನೂ ತೀರ್ಮಾನ ಆಗುವುದಿಲ್ಲ, 48 ಗಂಟೆ ಬಿಟ್ಟು ಮತ್ತೆ ಕೊಡಬೇಕು. ಒಳ್ಳೆಯ ಬಸಿರಿನಲ್ಲಿ ಅದು ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಕಡಿಮೆಯೆಂದರೂ ಅರ್ಧದಷ್ಟು ಏರುತ್ತದೆ. ಸರಕ್ಕನೆ ಇಳಿದರೆ ಗರ್ಭಪಾತ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಅಲ್ಲೇ ತೆವಳುತ್ತಿದ್ದರೆ ಟ್ಯೂಬಿನ ಮೇಲೆ ಅನುಮಾನ. ಅಪರೂಪಕ್ಕೆ ಈ ಅಂಕಿ ಲಕ್ಷಗಟ್ಟಲೆ ಏರಿ, ವಾಂತಿ ವಿಪರೀತ ಆಗಿ, ಸ್ಕ್ಯಾನಿನಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು ಕಾಣುವುದುಂಟು. ಅದಕ್ಕೆ ಮೋಲಾರ್ ಅಂತಾರೆ. ಅದನ್ನು ತೆಗೆಸಿದ ಮೇಲೂ ತಿಂಗಳುಗಟ್ಟಲೆ ರಕ್ತಪರೀಕ್ಷೆ ಬಿಡಬಾರದು.

ಇನ್ನು ಸ್ಕೂಟರ್ ವಿಷಯ. ಗೊತ್ತಾದ ಬಸಿರುಗಳಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಅದರಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಎಣಿಕೆ ತಪ್ಪಿರುವುದು. ಅದು ಅಂಡ, ವೀರ್ಯ ಸೇರುವ ಹೊತ್ತಿಗೇ ಆಗಿಹೋದ ತಪ್ಪು. ಆಮೇಲೆ ನೀವು ಸ್ಕೂಟರ್ ಹತ್ತಿದರೂ ಅಷ್ಟೇ, ಪಲ್ಲಕ್ಕಿಯಲ್ಲಿ ಕೂತರೂ ಅಷ್ಟೇ. ನೀರಿನ ಕೊಡ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಒಂದು ಹೋಳು ಪರಂಗಿ ಹಣ್ಣು ತಿಂದಿದ್ದು, ಯಾವುದೂ ಕಾರಣ ಅಲ್ಲ. ನಮ್ಮ ಮನೆಗಳಲ್ಲಿ ಬಸಿರು ಹೋದರೆ ಸೊಸೆ ಎಲ್ಲೆಲ್ಲಿ ಕಾಲಿಟ್ಟಳು, ಏನೇನು ತಿಂದಳು ಅಂತ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದಲ್ಲಿ ಒಂದು ಸಲವೂ ಮಗನ ಹೆಸರು ಬರುವುದಿಲ್ಲ ನೋಡಿ.

ಹಾಸಿಗೆ ಹಿಡಿದು ಮಲಗಿದರೆ ಗರ್ಭಪಾತ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬಸಿರಿನಲ್ಲಿ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತದೆ, ದಿನಗಟ್ಟಲೆ ಮಲಗಿದರೆ ಕಾಲಿನಲ್ಲಿ ಹೆಪ್ಪು ಕೂರುವ ಭಯ ಬೇರೆ. ಸುಸ್ತಾದರೆ ಮಲಗಿ, ಇಲ್ಲದಿದ್ದರೆ ಮನೆಗೆಲಸ ಮಾಡಿಕೊಂಡಿರಿ. ರಕ್ತ ನಿಲ್ಲುವವರೆಗೆ ಗಂಡನ ಜೊತೆ ಸೇರುವುದು ಬೇಡ. ಬಸಿರು ಉಳಿಯಲಿ ಅಂತ ಪ್ರೊಜೆಸ್ಟರಾನ್ ಹಾರ್ಮೋನ್ ಮಾತ್ರೆಯನ್ನು ನಮ್ಮಲ್ಲಿ ಬಹುತೇಕ ಎಲ್ಲರಿಗೂ ಬರೆಯುತ್ತಾರೆ. 2019ರಲ್ಲಿ ಬ್ರಿಟನ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಿಸಂ ಅಧ್ಯಯನದಲ್ಲಿ, ಒಟ್ಟಾರೆ ನೋಡಿದರೆ ಅದರಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಿಂದೆ ಗರ್ಭಪಾತ ಆಗಿದ್ದು ಈಗ ರಕ್ತ ಕಾಣಿಸಿಕೊಂಡವರಿಗೆ, ಅದರಲ್ಲೂ ಮೂರು ಅಥವಾ ಹೆಚ್ಚು ಸಲ ಹೋಗಿದ್ದವರಿಗೆ, ಲಾಭ ಕಂಡಿತು. ನಿಮಗೆ ಇದು ಮೊದಲ ಬಸಿರಾದರೆ ಮಾತ್ರೆ ತಪ್ಪಿದ್ದಕ್ಕೇ ಹೀಗಾಯ್ತು ಅಂತ ಮುಂದೆಂದೂ ಕೊರಗಬೇಡಿ.

ನಿಮ್ಮ ಬ್ಲಡ್ ಗ್ರೂಪ್ ಗೊತ್ತಾ? ನೆಗೆಟಿವ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮುಂದಿನ ಬಸಿರಿಗೆ ತೊಂದರೆಯಾಗದಂತೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾದರೆ 72 ಗಂಟೆಯೊಳಗೆ ಕೊಡಬೇಕು. ಇಷ್ಟು ಬೇಗ, ಸ್ವಲ್ಪವೇ ರಕ್ತಕ್ಕೆ ಬೇಕಾಗದೆಯೂ ಇರಬಹುದು, ಅದನ್ನು ಅವರು ನೋಡಿಕೊಳ್ಳುತ್ತಾರೆ.

ಒಂದು ವೇಳೆ ಹೋಗಿಯೇಬಿಟ್ಟರೆ, ತಾನಾಗಿ ಬೀಳಲಿ ಅಂತ ಕಾಯಬಹುದು, ಮಾತ್ರೆ ತೆಗೆದುಕೊಳ್ಳಬಹುದು, ಇಲ್ಲವೇ ಹೀರುವ ಸಾಧನದಿಂದ ಕ್ಲೀನ್ ಮಾಡಿಸಬಹುದು. ಎಲ್ಲರಿಗೂ ಡಿಎನ್‌ಸಿ ಆಗಲೇಬೇಕೆಂದಿಲ್ಲ. ಆಮೇಲೆ ಜ್ವರ, ಕೆಟ್ಟ ವಾಸನೆಯ ಸ್ರಾವ ಬಂದರೆ ಕಾಯಬೇಡಿ. ನೀವು ಕೆಲಸಕ್ಕೆ ಹೋಗುವವರಾದರೆ ಇನ್ನೊಂದು ವಿಷಯ. ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿದ್ದರು, 2025ರಲ್ಲಿ ಅದರ ಬದಲಿಗೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ. ಎಷ್ಟೋ ಹೆಣ್ಣುಮಕ್ಕಳು ಮೂರನೇ ದಿನವೇ ಪ್ಯಾಡ್ ಕಟ್ಟಿಕೊಂಡು ಆಫೀಸಿಗೆ ಹೋಗಿ ಕೂತಿರುತ್ತಾರೆ. ಡಾಕ್ಟರ ಚೀಟಿ ಇಟ್ಟುಕೊಳ್ಳಿ, ಕೇಳಿ.

ಸ್ಕ್ಯಾನಿಗೆ ಮೊದಲೇ ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ, ತಡೆಯಲಾಗದ ನೋವು, ಕಣ್ಣು ಕತ್ತಲೆ, ಭುಜ ನೋವು ಬಂದರೆ ಸ್ಕ್ಯಾನ್ ಸೆಂಟರ್ ಬಿಡಿ, ನೇರ ಆಪರೇಷನ್ ವ್ಯವಸ್ಥೆ ಇರುವ ಆಸ್ಪತ್ರೆಗೇ ಹೋಗಿ. ಅಂಥದ್ದೇನೂ ಇಲ್ಲದಿದ್ದರೆ ಕೊನೆಯ ಮುಟ್ಟಿನ ತಾರೀಖು ಬರೆದುಕೊಳ್ಳಿ, ಒಂದು ಪ್ಯಾಡ್ ಹೆಚ್ಚಿಗೆ ಇಟ್ಟುಕೊಳ್ಳಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಪರದೆಯಲ್ಲಿ ಏನಿದೆ ಅಂತ ಅವರೂ ನೋಡಲಿ. ಸ್ಕೂಟರ್‌ನಲ್ಲಿ ಹೋದರೂ ಪರವಾಗಿಲ್ಲ. ಆದರೆ ನೀವು ಓಡಿಸಬೇಡಿ, ತಲೆ ಸುತ್ತಬಹುದು. ಹಿಂದೆ ಕೂತುಕೊಳ್ಳಿ.