ಮಳೆಗಾಲ, ಮಾತ್ರೆ ಡಬ್ಬಿ, ಬೀಳುವ ಹಿರಿಯರು: ಕೊಡಗಿನ ಮನೆಭೇಟಿಗೆ ಅಧ್ಯಯನ ಟಿಪ್ಪಣಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ತೋಟದ ಮನೆಗಳಲ್ಲಿ ಅಜ್ಜ-ಅಜ್ಜಿ ಬಿದ್ದರೆ ಬೈಗುಳವೆಲ್ಲ ಅಂಗಳದ ಪಾಚಿಗೇ. ಪಾಚಿಯದೂ ತಪ್ಪಿದೆ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಆದರೆ ಅದಕ್ಕೂ ಮೊದಲು ಮಾತ್ರೆ ಡಬ್ಬಿ ತೆರೆಸಿ ನೋಡಿ.

ಎದ್ದು ನಿಂತಾಗ ರಕ್ತ ಕಾಲಿಗಿಳಿಯುತ್ತದೆ. ನರಗಳು ತಕ್ಷಣ ರಕ್ತನಾಳ ಬಿಗಿದು ಅದನ್ನು ಸರಿದೂಗಿಸಬೇಕು. ವಯಸ್ಸಾದಂತೆ ಈ ಕೆಲಸ ನಿಧಾನ. ಅದರ ಮೇಲೆ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ) ತೊಂದರೆಗೆ ಟ್ಯಾಮ್‌ಸುಲೋಸಿನ್, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ನಿದ್ದೆ ಮಾತ್ರೆ ಸೇರಿದರೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೊರಟವರಿಗೆ ಕಣ್ಣು ಕತ್ತಲಿಡುತ್ತದೆ. ಚಳಿಗೆ ಪದೇ ಪದೇ ಏಳಬೇಕಾಗುತ್ತದೆಂದು ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ ರಕ್ತದೊತ್ತಡ (ಬಿಪಿ) ಇನ್ನಷ್ಟು ಕುಸಿಯುತ್ತದೆ.

ಪರೀಕ್ಷೆ ಸುಲಭ. 5 ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ, 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಕುರ್ಚಿ ಇರಲಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ವೈದ್ಯರಿಗೆ ಮಾತ್ರೆಗಳ ಪಟ್ಟಿ ಸಮೇತ ತಿಳಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಇನ್ನೊಂದು ಅಳತೆ: ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಸಂಭವ ಜಾಸ್ತಿ.

ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಹತ್ತಿರದ ಭಾಗ) ಮುರಿದಿರಬಹುದು. ಎಣ್ಣೆ ಕಾಯಿಸಿ ನೀವುವುದು ಇಲ್ಲಿ ಮಾಡುವ ದೊಡ್ಡ ತಪ್ಪು. ಮೊಳಕಾಲುಗಳ ನಡುವೆ ದಿಂಬಿಟ್ಟು ಎರಡೂ ಕಾಲು ಕಟ್ಟಿ, ಹಲಗೆ ಮೇಲೆ ಸಾಗಿಸಿ. ಕೆಲವೊಮ್ಮೆ ಮುರಿದ ತುದಿಗಳು ಒಂದಕ್ಕೊಂದು ಕಚ್ಚಿಕೊಂಡು ರೋಗಿ ನಡೆಯುತ್ತಲೂ ಇರುತ್ತಾರೆ. ತೊಡೆಸಂದಿನ ನೋವು ಹೋಗದಿದ್ದರೆ ಎಕ್ಸ್‌ರೇ ಬೇಕೇ ಬೇಕು.

48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಒಳ್ಳೆಯದು. ಹಾಸಿಗೆ ಹಿಡಿದಷ್ಟೂ ನ್ಯುಮೋನಿಯಾ, ಹಾಸಿಗೆ ಹುಣ್ಣು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರಿಗೆ ಹೋಗುವ ಸಂಪಾಜೆ ಕಡೆಯ ರಸ್ತೆಯೇ ಮುಚ್ಚಿತ್ತು. ಮಕ್ಕಳು ಬೆಂಗಳೂರಿನಲ್ಲಿದ್ದರೆ 108ರ ಜೊತೆಗೆ ಪಕ್ಕದ ತೋಟದ ಜೀಪಿನವರ ನಂಬರೂ ಗೋಡೆ ಮೇಲಿರಲಿ.

ತಲೆಗೆ ಪೆಟ್ಟು ಬಿದ್ದವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಿದುಳಿನ ಮೇಲೆ ನಿಧಾನವಾಗಿ ಜಿನುಗುವ ರಕ್ತ ಎರಡು-ಮೂರು ವಾರ ಬಿಟ್ಟು ತೂಕಡಿಕೆ, ತಲೆನೋವು, ಮರೆವು, ಕಾಲೆಳೆಯುವ ನಡಿಗೆಯಾಗಿ ಕಾಣಿಸಿಕೊಳ್ಳಬಹುದು. ಆ ಹೊತ್ತಿಗೆ ಬಿದ್ದದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ, "ವಯಸ್ಸಾಯ್ತಲ್ಲ" ಎನ್ನುತ್ತಾರೆ. ಕಳೆದ ಎರಡು ತಿಂಗಳಲ್ಲಿ ಬಿದ್ದಿದ್ದರಾ ಎಂದು ನೀವೇ ಕೇಳಿ.